ಚುಕ್ಕೆ ಬಿದ್ದ ಜಾಗ: ಕಲ್ಲಿನ ರಸಾಯನ ಭೂಫಲಕಗಳ ಕತೆಯನ್ನು ಎಷ್ಟು ಹೇಳಬಲ್ಲದು?

ಚಿತ್ರದುರ್ಗದ ಹತ್ತಿರ ಮರಡಿಹಳ್ಳಿ ಎಂಬ ಊರಿದೆ. ಅಲ್ಲಿನ ಒಂದು ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ದೂರದಿಂದ ನೋಡಿದರೆ ಕರಿಹಸಿರು ಕಲ್ಲು, ಅಷ್ಟೆ. ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು ನೋಡಿದರೆ ಬೇರೆಯೇ ಕಾಣುತ್ತದೆ. ದಿಂಬುಗಳನ್ನು ಒಂದರ ಮೇಲೊಂದು ರಾಶಿ ಹಾಕಿದ ಹಾಗೆ ಉರುಟಾದ ಆಕಾರಗಳು. ಒಂದೊಂದು ದಿಂಬಿನ ಮೇಲ್ಭಾಗ ಉಬ್ಬಿದೆ; ಕೆಳಭಾಗ ತನ್ನ ಅಡಿಯಲ್ಲಿರುವ ಎರಡು ದಿಂಬುಗಳ ಸಂದಿಗೆ ಬಾಲದಂತೆ ಇಳಿದಿದೆ. ಕಾದ ಲಾವಾ ನೀರಿನೊಳಗೆ ಉಕ್ಕಿದಾಗ ಹೊರಮೈ ಥಟ್ಟನೆ ಗಟ್ಟಿಯಾಗಿ, ಒಳಗಿನ ದ್ರವ ಆ ಚರ್ಮವನ್ನು ಊದಿಸಿ, ಒಂದು ದಿಂಬು ಒಡೆದು ಇನ್ನೊಂದು ಹುಟ್ಟುತ್ತಾ ಹೋದ ಗುರುತು ಇದು. ಸುಮಾರು 260 ಕೋಟಿ ವರ್ಷ ಅಥವಾ ಅದಕ್ಕೂ ಹಿಂದೆ, ಇಂದು ಮಳೆಗಾಗಿ ಮುಗಿಲು ನೋಡುವ ಈ ಬಯಲುಸೀಮೆಯಲ್ಲಿ ನೀರು ನಿಂತಿತ್ತು ಎಂದು ಹೇಳಲು ಯಾವ ಯಂತ್ರವೂ ಬೇಡ. ಕಣ್ಣು ಸಾಕು.

ಆದರೆ ಅದು ಎಂಥ ನೀರು? ಎರಡು ಭೂಫಲಕಗಳು ದೂರ ಸರಿಯುತ್ತಿದ್ದ ಮಹಾಸಾಗರದ ನಡುವೆಯೇ? ಇಂದಿನ ಜಪಾನ್, ಇಂಡೋನೇಷ್ಯಾಗಳಂತೆ ಒಂದು ಫಲಕ ಇನ್ನೊಂದರ ಅಡಿಗೆ ನುಗ್ಗಿ ಜ್ವಾಲಾಮುಖಿ ದ್ವೀಪಗಳ ಸಾಲು ಎದ್ದ ಕಡೆಯೇ? ಅಥವಾ ಖಂಡವೇ ಬಿರುಕು ಬಿಟ್ಟು ತಗ್ಗಾದ ಜಾಗದಲ್ಲಿ ತುಂಬಿದ ನೀರೇ? ದಿಂಬಿನ ಆಕಾರ ಇದಕ್ಕೆ ಉತ್ತರ ಕೊಡುವುದಿಲ್ಲ. ಮೂರೂ ಕಡೆ ದಿಂಬು ಲಾವಾ ಹುಟ್ಟುತ್ತದೆ. ಇಲ್ಲಿಂದ ಮುಂದೆ ಕಲ್ಲನ್ನು ಪುಡಿ ಮಾಡಿ ಅದರ ರಸಾಯನವನ್ನು ಕೇಳಬೇಕು.

ಹೀಗೆ ಕೇಳುವ ವಿದ್ಯೆಗೆ ಈಗ ಐವತ್ತು ದಾಟಿದೆ. ಈ ಐವತ್ತು ವರ್ಷಗಳಲ್ಲಿ ಅದು ಭೂವಿಜ್ಞಾನದ ಅತ್ಯಂತ ಪ್ರಬಲ ಸಾಧನಗಳಲ್ಲಿ ಒಂದಾಗಿದೆ. ಅತಿ ಹೆಚ್ಚು ದುರ್ಬಳಕೆಯಾದವುಗಳಲ್ಲೂ ಒಂದು ಎಂದು ನಾನು ನಂಬಿದ್ದೇನೆ. ಆ ದುರ್ಬಳಕೆ ಕರ್ನಾಟಕದ ಕಲ್ಲುಗಳ ಮೇಲೆ ವಿಶೇಷವಾಗಿ ನಡೆದಿದೆ. ಭೂಮಿಯ ಮೇಲೆ ಫಲಕಗಳ ಚಲನೆ ಶುರುವಾದದ್ದು ಯಾವಾಗ ಎಂಬ ದೊಡ್ಡ ಜಗಳಕ್ಕೆ ಬೇಕಾದ ಹಳೆಯ ಕಲ್ಲುಗಳು ಜಗತ್ತಿನಲ್ಲಿ ಕೆಲವೇ ಕಡೆ ಇವೆ, ಅವುಗಳಲ್ಲಿ ನಮ್ಮದೂ ಒಂದು.

ಕಲ್ಲಿನಲ್ಲಿ ಉಳಿಯುವ ಗುರುತು

ಭೂಮಿಯ ಮ್ಯಾಂಟಲ್, ಅಂದರೆ ಹೊರಗಿನ ಭೂಕವಚದ ಅಡಿಯಲ್ಲಿರುವ ದಪ್ಪ ಪದರ, ಘನವಾದದ್ದು, ದ್ರವವಲ್ಲ. ಅದನ್ನು ಕರಗಿಸಲು ಮೂರು ದಾರಿಗಳಿವೆ. ಮೇಲಿನ ಒತ್ತಡ ಇಳಿದರೆ ಕರಗುತ್ತದೆ: ಸಾಗರದ ನಡುವೆ ಫಲಕಗಳು ಬೇರ್ಪಡುವ ಕಡೆ ಆಗುವುದು ಇದೇ. ಬಿಸಿ ಹೆಚ್ಚಾದರೆ ಕರಗುತ್ತದೆ: ಹವಾಯಿಯಂಥ ಕಡೆ ಆಳದಿಂದ ಬಿಸಿ ಕಂಬವೊಂದು ಮೇಲೇರುತ್ತದೆ. ನೀರು ಸೇರಿದರೂ ಕರಗುತ್ತದೆ: ಸಾಗರದ ತಳ ಇನ್ನೊಂದು ಫಲಕದ ಅಡಿಗೆ ಇಳಿಯುವಾಗ ಹೊತ್ತೊಯ್ದ ನೀರನ್ನು ಆಳದಲ್ಲಿ ಬಿಡುತ್ತದೆ, ಆ ನೀರು ಮೇಲಿನ ಮ್ಯಾಂಟಲ್‌ನ ಕರಗುವ ಬಿಂದುವನ್ನು ತಗ್ಗಿಸುತ್ತದೆ. ಒಂದು ಫಲಕ ಹೀಗೆ ಇನ್ನೊಂದರ ಅಡಿಗೆ ಇಳಿಯುವುದಕ್ಕೆ ಸಬ್‌ಡಕ್ಷನ್ ಎನ್ನುತ್ತೇವೆ.

ಮೂರೂ ದಾರಿಯಲ್ಲಿ ಹುಟ್ಟಿದ ಬಸಾಲ್ಟ್ ಎಂಬ ಲಾವಾ ಶಿಲೆ ಕಣ್ಣಿಗೆ ಒಂದೇ ಥರ ಕಪ್ಪು. ಸಿಲಿಕಾ, ಕಬ್ಬಿಣ, ಮೆಗ್ನೀಷಿಯಂಗಳ ಪ್ರಮಾಣವೂ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ಕಾಣುವುದು ಹತ್ತು ಲಕ್ಷದಲ್ಲಿ ಒಂದು, ಎರಡು, ಹತ್ತು ಭಾಗ ಇರುವ ಅಲ್ಪ ಧಾತುಗಳಲ್ಲಿ. ನಿಯೋಬಿಯಂ ಮತ್ತು ಥೋರಿಯಂ ಎಂಬ ಎರಡನ್ನು ತೆಗೆದುಕೊಳ್ಳಿ. ಮ್ಯಾಂಟಲ್ ಕರಗುವಾಗ ಇವೆರಡೂ ಹರಳುಗಳನ್ನು ಬಿಟ್ಟು ದ್ರವಕ್ಕೆ ಓಡುವ ಸ್ವಭಾವದವು, ಹೆಚ್ಚು ಕಡಿಮೆ ಜೊತೆಜೊತೆಯಾಗಿಯೇ ಓಡುತ್ತವೆ. ಆದ್ದರಿಂದ ಸಾಗರಮಧ್ಯದ ಬಸಾಲ್ಟ್‌ನಲ್ಲಾಗಲೀ ಹವಾಯಿಯ ಬಸಾಲ್ಟ್‌ನಲ್ಲಾಗಲೀ ಒಟ್ಟು ಪ್ರಮಾಣ ಎಷ್ಟೇ ಇರಲಿ, ಇವೆರಡರ ಅನುಪಾತ ಹೆಚ್ಚು ಕದಲುವುದಿಲ್ಲ. ಸಬ್‌ಡಕ್ಷನ್ ನಡೆಯುವ ಕಡೆ ಈ ಜೋಡಿ ಒಡೆಯುತ್ತದೆ. ಕೆಳಗಿಳಿಯುವ ಫಲಕದಿಂದ ಮೇಲೇರುವ ನೀರು ಮತ್ತು ಕೆಸರಿನ ರಸ ಬೇರಿಯಂ, ಸೀಸ, ಥೋರಿಯಂಗಳನ್ನು ಎತ್ತಿ ತರುತ್ತದೆ. ನಿಯೋಬಿಯಂ ಮಾತ್ರ ನೀರಿಗೆ ಸುಲಭವಾಗಿ ಬರುವುದಿಲ್ಲ, ರೂಟೈಲ್‌ನಂಥ ಖನಿಜಗಳಲ್ಲಿ ಕೂತು ಆಳದಲ್ಲೇ ಉಳಿಯುತ್ತದೆ. ಪರಿಣಾಮವಾಗಿ ದ್ವೀಪಮಾಲೆಗಳ ಲಾವಾದಲ್ಲಿ ನೆರೆಹೊರೆಯ ಧಾತುಗಳಿಗೆ ಹೋಲಿಸಿದರೆ ನಿಯೋಬಿಯಂ ಕಡಿಮೆ. ಧಾತುಗಳನ್ನು ಸಾಲಾಗಿಟ್ಟು ಅವುಗಳ ಪ್ರಮಾಣಕ್ಕೆ ನಕ್ಷೆಯಲ್ಲಿ ಗೆರೆ ಎಳೆದರೆ ನಿಯೋಬಿಯಂ ಇರುವಲ್ಲಿ ಒಂದು ಗುಂಡಿ ಬೀಳುತ್ತದೆ.

ಇದನ್ನು ಮೊದಲು ಎಲ್ಲರ ಕೈಗೆ ಸಿಗುವ ಸಾಧನವಾಗಿ ಮಾಡಿದವರು ಬ್ರಿಟನ್ನಿನ ಜೂಲಿಯನ್ ಪಿಯರ್ಸ್ ಮತ್ತು ಜಾನ್ಸನ್ ಕ್ಯಾನ್. 1973ರಲ್ಲಿ ಇನ್ನೂರಕ್ಕೂ ಹೆಚ್ಚು ಬಸಾಲ್ಟ್‌ಗಳ ವಿಶ್ಲೇಷಣೆ ಇಟ್ಟುಕೊಂಡು ಟೈಟಾನಿಯಂ, ಜಿರ್ಕೋನಿಯಂ, ಇಟ್ರಿಯಂಗಳ ತ್ರಿಕೋನವೊಂದನ್ನು ಅವರು ರಚಿಸಿದರು. ತ್ರಿಕೋನದ ಒಳಗೆ ಗೆರೆ ಎಳೆದು ಮನೆಗಳನ್ನು ಮಾಡಿದರು: ಸಾಗರತಳದ್ದು, ದ್ವೀಪಮಾಲೆಯದ್ದು, ಫಲಕದ ಒಡಲಿನದ್ದು. ನಿಮ್ಮ ಕಲ್ಲಿನ ಚುಕ್ಕೆ ಯಾವ ಮನೆಯಲ್ಲಿ ಬಿತ್ತೋ ಅದೇ ಅದರ ತವರು. ಈ ಧಾತುಗಳನ್ನೇ ಆರಿಸಿದ್ದಕ್ಕೆ ಕಾರಣವಿದೆ. ಮರಡಿಹಳ್ಳಿಯ ಕಲ್ಲು ಹಸಿರಾಗಿರುವುದು ಹುಟ್ಟಿನಿಂದಲ್ಲ. ಬಿಸಿನೀರು, ಒತ್ತಡ, ಕಾಲ ಸೇರಿ ಮೂಲ ಖನಿಜಗಳನ್ನು ಕ್ಲೋರೈಟ್, ಆಂಫಿಬೋಲ್‌ಗಳಾಗಿ ಬದಲಿಸಿವೆ. ಆ ಬದಲಾವಣೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ, ರುಬಿಡಿಯಂ, ಬೇರಿಯಂಗಳು ಬಂದಷ್ಟು ಬರುತ್ತವೆ, ಹೋದಷ್ಟು ಹೋಗುತ್ತವೆ. ಟೈಟಾನಿಯಂ, ಜಿರ್ಕೋನಿಯಂ, ಇಟ್ರಿಯಂ, ನಿಯೋಬಿಯಂಗಳು ಬಹುಮಟ್ಟಿಗೆ ಕದಲದೆ ಕೂರುತ್ತವೆ.

ಆ ಮೊದಲ ಪ್ರಬಂಧದ ಸಾರಾಂಶದಲ್ಲೇ ಲೇಖಕರು ಎಚ್ಚರದ ಪದವೊಂದನ್ನು ಬಳಸಿದ್ದರು: ಹುಟ್ಟಿದ ನೆಲೆಯನ್ನು 'ಸಾಮಾನ್ಯವಾಗಿ' ಗುರುತಿಸಬಹುದು ಎಂದು. ಆಮೇಲೆ ಈ ತ್ರಿಕೋನವನ್ನು ಬಳಸಿದವರಲ್ಲಿ ಬಹಳ ಜನ ಆ ಪದವನ್ನು ಮರೆತರು.

ಸೈಪ್ರಸ್ ಕಲಿಸಿದ ಪಾಠ

ಅದೇ 1973ರಲ್ಲಿ ಜಪಾನಿನ ಅಕಿಹೋ ಮಿಯಾಶಿರೋ ಒಂದು ಬಾಂಬ್ ಹಾಕಿದರು. ಸೈಪ್ರಸ್ ದ್ವೀಪದ ಟ್ರೂಡೋಸ್ ಬೆಟ್ಟ ಸಾಗರತಳದ ತುಂಡೊಂದು ನೆಲದ ಮೇಲೆ ಬಂದು ಕೂತದ್ದು ಎಂದು ಆಗ ಎಲ್ಲರೂ ಒಪ್ಪಿದ್ದರು. ಅಲ್ಲಿ ದಿಂಬು ಲಾವಾ ಇದೆ. ಅದರಡಿಯಲ್ಲಿ ಪುಸ್ತಕದ ಹಾಳೆಗಳಂತೆ ಒತ್ತೊತ್ತಾಗಿ ನಿಂತ ಡೈಕ್‌ಗಳಿವೆ. ನೆಲ ಮತ್ತೆ ಮತ್ತೆ ಸೀಳಿ, ಸೀಳಿದಲ್ಲೆಲ್ಲ ಶಿಲಾರಸ ತುಂಬಿದರೆ ಮಾತ್ರ ಹೀಗಾಗುತ್ತದೆ. ಅಂದರೆ ಫಲಕ ಬೇರ್ಪಟ್ಟ ಜಾಗ. ಮಿಯಾಶಿರೋ ಅದರ ರಸಾಯನ ನೋಡಿ, ಇದು ಸಾಗರಮಧ್ಯವಲ್ಲ, ದ್ವೀಪಮಾಲೆ ಎಂದರು. ದೊಡ್ಡ ವಾಗ್ವಾದವೇ ನಡೆಯಿತು. ನೀವು ನೆಚ್ಚಿಕೊಂಡ ಧಾತುಗಳು ಕದಲುವಂಥವು ಎಂದು ಎದುರಾಳಿಗಳು ಆಕ್ಷೇಪಿಸಿದರು.

ಕೊನೆಗೆ ಆದದ್ದೇನು ಎಂದರೆ, ಇಬ್ಬರ ಮಾತಿನಲ್ಲೂ ನಿಜವಿತ್ತು. ನೆಲ ಸೀಳಿದ್ದು ನಿಜ. ನೀರಿನ ಗುರುತು ಇದ್ದದ್ದೂ ನಿಜ. ಸಬ್‌ಡಕ್ಷನ್ ನಡೆಯುತ್ತಿರುವ ಜಾಗದ ಮೇಲ್ಭಾಗದಲ್ಲೇ ನೆಲ ಹಿಗ್ಗಿ ಸೀಳುವುದುಂಟು, ಟ್ರೂಡೋಸ್ ಅಂಥದ್ದು ಎಂಬ ತಿಳಿವಳಿಕೆ 1980ರ ದಶಕದಲ್ಲಿ ಗಟ್ಟಿಯಾಯಿತು. ನನಗೆ ಈ ಪ್ರಸಂಗ ಬಹಳ ಮುಖ್ಯವಾಗಿ ಕಾಣುತ್ತದೆ. ತ್ರಿಕೋನದಲ್ಲಿ ಇದ್ದದ್ದು 'ಸಾಗರತಳ' ಮತ್ತು 'ದ್ವೀಪಮಾಲೆ' ಎಂಬ ಬೇರೆ ಬೇರೆ ಮನೆಗಳು. ಪ್ರಕೃತಿ ಎರಡನ್ನೂ ಒಂದೇ ಸೂರಿನಡಿ ನಡೆಸಿತ್ತು. ರಸಾಯನ ತಾನು ಕಂಡದ್ದನ್ನು ಸರಿಯಾಗಿಯೇ ಹೇಳಿತ್ತು: ಇಲ್ಲಿ ನೀರು ಬೆರೆತಿದೆ ಎಂದು. ಅದನ್ನು ಊರಿನ ಹೆಸರಾಗಿ ಓದಿಕೊಂಡದ್ದು ನಾವು.

ಸಾರಿನ ರುಚಿ ನೋಡಿ ಹುಣಸೆಹಣ್ಣು ಬಿದ್ದಿದೆ, ಒಗ್ಗರಣೆ ಕೊಂಚ ಸೀದಿದೆ ಎಂದು ಹೇಳಬಹುದು. ಯಾವ ಬೀದಿಯ ಯಾವ ಮನೆಯಲ್ಲಿ ಮಾಡಿದ್ದು ಎಂದು ಹೇಳಬೇಕಾದರೆ ಬೇರೆ ಸಾಕ್ಷಿ ಬೇಕು. ಶಿಲಾರಸಾಯನಕ್ಕೂ ಇದೇ ಮಿತಿ. ಅದು ನೆನಪಿಟ್ಟುಕೊಳ್ಳುವುದು ಏನು ಕರಗಿತು, ಎಷ್ಟು ಕರಗಿತು, ಎಷ್ಟು ಆಳದಲ್ಲಿ, ನೀರಿತ್ತೋ ಇಲ್ಲವೋ, ಮೇಲೆ ಬರುವಾಗ ಏನು ಸೇರಿಕೊಂಡಿತು ಎಂಬುದನ್ನು.

ಹತ್ತು ಭಾಗದ ಕಲಬೆರಕೆ

ಕೊನೆಯದನ್ನು, ಅಂದರೆ ಮೇಲೆ ಬರುವಾಗ ಸೇರಿಕೊಳ್ಳುವುದನ್ನು, ಲೆಕ್ಕ ಹಾಕಿಯೇ ತೋರಿಸಬೇಕು. ಸಾಗರಮಧ್ಯದ ಸಾಮಾನ್ಯ ಬಸಾಲ್ಟ್‌ನಲ್ಲಿ ಥೋರಿಯಂ 0.12 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಭಾಗ), ನಿಯೋಬಿಯಂ 2.33 ಪಿಪಿಎಂ ಎಂಬುದು 1989ರಿಂದ ಎಲ್ಲರೂ ಬಳಸುವ ಅಂಕಿ. ಭಾಗಿಸಿದರೆ 0.05. ಖಂಡದ ಭೂಕವಚದ ಸರಾಸರಿ ಅಂದಾಜು ಥೋರಿಯಂ 5.6, ನಿಯೋಬಿಯಂ 8, ಅನುಪಾತ 0.7. ಈಗ 90 ಭಾಗ ಬಸಾಲ್ಟ್ ದ್ರವಕ್ಕೆ 10 ಭಾಗ ಭೂಕವಚ ಕರಗಿ ಬೆರೆಯಿತು ಎಂದುಕೊಳ್ಳಿ. ಥೋರಿಯಂ: 0.11 ಮತ್ತು 0.56 ಸೇರಿ 0.67. ನಿಯೋಬಿಯಂ: 2.1 ಮತ್ತು 0.8 ಸೇರಿ 2.9. ಹೊಸ ಅನುಪಾತ 0.23. ಹತ್ತೇ ಭಾಗ ಬೆರೆತದ್ದಕ್ಕೆ ಅನುಪಾತ ನಾಲ್ಕು ಪಟ್ಟಿಗಿಂತ ಹೆಚ್ಚಾಯಿತು. ನಕ್ಷೆಯಲ್ಲಿ ಚುಕ್ಕೆ ಸಾಗರಮಧ್ಯದ ಪಟ್ಟೆಯಿಂದ ಎದ್ದು ದ್ವೀಪಮಾಲೆಯ ಕಡೆಗೆ ಹೋಗಿ ಕೂತಿತು. ಕಲ್ಲು ಇನ್ನೂ ಕಪ್ಪು ಬಸಾಲ್ಟ್‌ನಂತೆಯೇ ಕಾಣುತ್ತದೆ. ಈ ಲೆಕ್ಕದಲ್ಲಿ ಸಬ್‌ಡಕ್ಷನ್ ಎಲ್ಲೂ ಇಲ್ಲ.

ಇದು ಕಾಗದದ ಮೇಲಿನ ಸಾಧ್ಯತೆಯಷ್ಟೇ ಅಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್‌ಗಳ ಕರಿಮಣ್ಣಿಗೆ ಕಾರಣವಾದ ಡೆಕ್ಕನ್ ಲಾವಾ ಹರಿವುಗಳಲ್ಲಿ ಇದು ಕಣ್ಣೆದುರೇ ಇದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಈ ಲಾವಾ ಪದರಗಳನ್ನು ಪಶ್ಚಿಮ ಘಟ್ಟದಲ್ಲಿ ರಸಾಯನದ ಆಧಾರದ ಮೇಲೆ ವಿಂಗಡಿಸಿ ಬುಶೆ, ಪೋಲಾದ್‌ಪುರ, ಅಂಬೇನಳಿ, ಮಹಾಬಳೇಶ್ವರ ಎಂದು ಹೆಸರಿಟ್ಟಿದ್ದಾರೆ. ಮೇಲಿನ ಪದರಗಳಲ್ಲಿ ಒಂದಕ್ಕೆ ಬೆಳಗಾವಿ ಪಕ್ಕದ ದೇಸೂರಿನ ಹೆಸರಿದೆ. ಇವುಗಳಲ್ಲಿ ಅಂಬೇನಳಿ ಪದರ ಹೆಚ್ಚು ಕಲಬೆರಕೆಯಿಲ್ಲದ್ದು. ಬುಶೆ ಪದರ ಮೇಲೆ ಬರುವಾಗ ಖಂಡದ ಹಳೆಯ ಶಿಲೆಯನ್ನು ಧಾರಾಳವಾಗಿ ಕರಗಿಸಿಕೊಂಡಿದೆ. ಅದರ ಸ್ಟ್ರಾನ್ಷಿಯಂ ಐಸೊಟೋಪುಗಳು ಅದನ್ನು ಒಪ್ಪಿಕೊಳ್ಳುತ್ತವೆ, ಮತ್ತು ಅದರಲ್ಲಿ ನಿಯೋಬಿಯಂ ಗುಂಡಿ ಚೆನ್ನಾಗಿ ಕಾಣುತ್ತದೆ. ಆ ಕಾಲದಲ್ಲಿ ಘಟ್ಟದ ಅಡಿಗೆ ಯಾವ ಫಲಕವೂ ನುಗ್ಗುತ್ತಿರಲಿಲ್ಲ. ಅದು ನಮಗೆ ಬೇರೆ ಸಾಕ್ಷಿಗಳಿಂದ ಗೊತ್ತು. ಆ ಸಾಕ್ಷಿಗಳು ಅಳಿಸಿಹೋಗಿ, ಬುಶೆ ಪದರದ ಒಂದು ಮುಷ್ಟಿ ಕಲ್ಲಷ್ಟೇ 250 ಕೋಟಿ ವರ್ಷಗಳ ನಂತರದ ಒಬ್ಬ ಭೂವಿಜ್ಞಾನಿಯ ಕೈಗೆ ಸಿಕ್ಕರೆ? ಅವನು ಚುಕ್ಕೆ ಇಟ್ಟು, ಪುಣೆಯ ಬಳಿ ಜ್ವಾಲಾಮುಖಿ ದ್ವೀಪಗಳ ಸಾಲಿತ್ತು ಎಂದು ಬರೆಯಬಹುದು.

ಧಾರವಾಡದ ಹೆಸರಿನಿಂದ ಕರೆಯುವ ಕರ್ನಾಟಕದ ಹಳೆಯ ಶಿಲೆಗಳ ಮುಂದೆ ನಾವು ನಿಂತಿರುವುದು ಹೆಚ್ಚು ಕಡಿಮೆ ಆ ಭೂವಿಜ್ಞಾನಿಯ ಜಾಗದಲ್ಲೇ.

2015ರಲ್ಲಿ ಲಿಥೋಸ್ ಎಂಬ ನಿಯತಕಾಲಿಕದಲ್ಲಿ ಚುಶಿ ಲಿ, ನಿಕೋಲಸ್ ಆರ್ಂಟ್ ಮತ್ತಿತರರು ಬರೆದ ಪ್ರಬಂಧ ಈ ವಿಷಯವನ್ನು ನೇರವಾಗಿ ಎತ್ತಿಕೊಂಡಿತು. ಹೊಸ ಕಾಲದ, ಹುಟ್ಟಿದ ನೆಲೆ ಖಚಿತವಾಗಿ ಗೊತ್ತಿರುವ ಲಾವಾಗಳ ದೊಡ್ಡ ದತ್ತಾಂಶವನ್ನು ಜನಪ್ರಿಯ ನಕ್ಷೆಗಳ ಮೇಲೆ ಹರಡಿ ನೋಡಿದರು. ಮನೆಗಳು ಒಂದರ ಮೇಲೊಂದು ಹತ್ತಿಕೊಂಡವು. ಅದರಲ್ಲೂ ಖಂಡದ ಮೇಲೆ ಹರಿದ ಬಸಾಲ್ಟ್‌ಗಳು ಯಾವ ಮನೆಗೂ ಬದ್ಧವಾಗಿರಲಿಲ್ಲ. ಪ್ರಬಂಧದ ಶೀರ್ಷಿಕೆಯಲ್ಲೇ ಅವರು ಇವನ್ನು ಭೇದ ತೋರದ ನಕ್ಷೆಗಳು ಎಂದು ಕರೆದಿದ್ದರು.

ಪುಡಿ ಮಾಡುವ ಬಟ್ಟಲು

ಚುಕ್ಕೆ ನಕ್ಷೆಯ ಮೇಲೆ ಬೀಳುವ ಮೊದಲೇ ಎಡವಬಹುದು. ಇದನ್ನು ನಾನು ಕಲಿತದ್ದು ನನ್ನದೇ ಮಾದರಿಗಳಿಂದ. ಗ್ರೀನ್‌ಸ್ಟೋನ್ ಪಟ್ಟಿಯೊಂದರಿಂದ, ಅಂದರೆ ಹಸಿರಾಗಿ ಬದಲಾದ ಹಳೆಯ ಲಾವಾಗಳ ಪಟ್ಟಿಯಿಂದ, ತಂದ ಹತ್ತಾರು ಕಲ್ಲುಗಳನ್ನು ಒಂದು ಪ್ರಯೋಗಾಲಯದಲ್ಲಿ ಪುಡಿ ಮಾಡಿಸಿದ್ದೆ. ಫಲಿತಾಂಶ ಬಂದಾಗ ಟ್ಯಾಂಟಲಂ ಇರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಥೋರಿಯಂ, ಹಾಫ್ನಿಯಂ, ಟ್ಯಾಂಟಲಂಗಳ ಇನ್ನೊಂದು ತ್ರಿಕೋನದಲ್ಲಿ ಚುಕ್ಕೆಗಳೆಲ್ಲ ದ್ವೀಪಮಾಲೆಯ ಮನೆ ಬಿಟ್ಟು ಟ್ಯಾಂಟಲಂ ಮೂಲೆಯತ್ತ ಸರಿದಿದ್ದವು. ಎರಡು ವಾರ ಅದಕ್ಕೆ ಭೂಗರ್ಭದ ಕಾರಣ ಹುಡುಕಿದೆ. ಆಮೇಲೆ ಕೋಬಾಲ್ಟ್ ಸಾಲಿನ ಮೇಲೆ ಕಣ್ಣು ಬಿತ್ತು. ಅದೂ ವಿಪರೀತ ಹೆಚ್ಚು. ಆಗ ಹೊಳೆಯಿತು: ಕಲ್ಲು ಪುಡಿಯಾದದ್ದು ಟಂಗ್‌ಸ್ಟನ್ ಕಾರ್ಬೈಡ್ ಬಟ್ಟಲಿನಲ್ಲಿ. ಆ ಬಟ್ಟಲು ಸವೆಯುತ್ತಾ ಟಂಗ್‌ಸ್ಟನ್, ಕೋಬಾಲ್ಟ್, ಟ್ಯಾಂಟಲಂಗಳನ್ನು ಪುಡಿಗೆ ಸೇರಿಸುತ್ತದೆ. ಉಳಿದ ತುಂಡುಗಳನ್ನು ಅಗೇಟ್ ಬಟ್ಟಲಿನಲ್ಲಿ ಮತ್ತೆ ಪುಡಿ ಮಾಡಿಸಿದ ಮೇಲೆ ಟ್ಯಾಂಟಲಂ ತನ್ನ ಜಾಗಕ್ಕೆ ಇಳಿಯಿತು.

ಕಲ್ಲನ್ನು ಆಮ್ಲದಲ್ಲಿ ಕರಗಿಸುವಾಗಲೂ ಹೀಗೆಯೇ. ಜಿರ್ಕಾನ್ ಹರಳು ತೆರೆದ ಬೀಕರಿನ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಅದು ತಳದಲ್ಲಿ ಕಣವಾಗಿ ಉಳಿದರೆ ಜಿರ್ಕೋನಿಯಂ ಕಡಿಮೆ ಬರುತ್ತದೆ, ಜಿರ್ಕೋನಿಯಂ ನೆಚ್ಚಿದ ನಕ್ಷೆಗಳೆಲ್ಲ ತಪ್ಪುತ್ತವೆ. ಗ್ರಾನೈಟ್ ಜಾತಿಯ ಕಲ್ಲುಗಳಲ್ಲಿ ಈ ತೊಂದರೆ ಹೆಚ್ಚು. ಅದಕ್ಕೇ ಮುಚ್ಚಿದ ಪಾತ್ರೆಯಲ್ಲಿ ಒತ್ತಡದಡಿ ಕರಗಿಸುತ್ತಾರೆ, ಅಥವಾ ಲಿಥಿಯಂ ಬೋರೇಟ್ ಜೊತೆ ಕಾಯಿಸಿ ಗಾಜು ಮಾಡುತ್ತಾರೆ. ಪ್ರಬಂಧ ಓದುವಾಗ ನಾನು ಈಗ ನಕ್ಷೆಗಿಂತ ಮೊದಲು ನೋಡುವುದು ವಿಧಾನದ ಪ್ಯಾರಾವನ್ನು: ಯಾವ ಬಟ್ಟಲು, ಹೇಗೆ ಕರಗಿಸಿದರು, ಹವಾಯಿಯ ಬಿಎಚ್‌ವಿಒ-2ರಂಥ ಪ್ರಮಾಣಿತ ಪುಡಿಯನ್ನು ಜೊತೆಗೆ ಓಡಿಸಿದರೇ, ಅದರ ಉತ್ತರ ಎಷ್ಟು ಬಂತು.

ಕರ್ನಾಟಕದ ಕಲ್ಲು ಮತ್ತು ಫಲಕ ಚಲನೆಯ ಜಗಳ

ಈಗ ಮುಖ್ಯ ವಿಷಯಕ್ಕೆ ಬರೋಣ. ಫಲಕ ಚಲನೆ ಯಾವಾಗ ಶುರುವಾಯಿತು? 400 ಕೋಟಿ ವರ್ಷಗಳಿಗೂ ಹಿಂದೆ ಎನ್ನುವವರಿದ್ದಾರೆ. 300 ಕೋಟಿ ವರ್ಷಗಳ ಸುಮಾರಿಗೆ ಎನ್ನುವವರು ಹೆಚ್ಚು. ಅಮೆರಿಕದ ರಾಬರ್ಟ್ ಸ್ಟರ್ನ್ ಅವರಂತೂ ಇಂದಿನ ಮಾದರಿಯ ಸಬ್‌ಡಕ್ಷನ್ ಶುರುವಾಗಿ ಸುಮಾರು 100 ಕೋಟಿ ವರ್ಷವಷ್ಟೇ ಆಗಿದೆ ಎಂದು ವಾದಿಸಿದ್ದಾರೆ. ಆಳವಾಗಿ ತಣ್ಣಗೆ ಇಳಿದ ಫಲಕದಲ್ಲಿ ಮಾತ್ರ ಹುಟ್ಟುವ ಬ್ಲೂಶಿಸ್ಟ್‌ನಂಥ ಶಿಲೆಗಳು ಅದಕ್ಕೂ ಹಳೆಯ ಪದರಗಳಲ್ಲಿ ಸಿಗುವುದಿಲ್ಲ ಎಂಬುದು ಅವರ ಆಧಾರ. ಅಂತರ ಇಷ್ಟು ದೊಡ್ಡದಿರುವಾಗ ಹಳೆಯ ಲಾವಾದ ಒಂದೊಂದು ಚುಕ್ಕೆಗೂ ವಿಪರೀತ ಬೆಲೆ ಬರುತ್ತದೆ.

ಧಾರವಾಡ ಕ್ರೇಟಾನ್ ಎನ್ನುವ ನಮ್ಮ ಹಳೆಯ ಭೂಖಂಡದಲ್ಲಿ ಆ ಕಾಲದ ಪುಟಗಳು ಸಾಲಾಗಿವೆ. ಹೊಳೆನರಸೀಪುರ, ನುಗ್ಗೇಹಳ್ಳಿ, ಬಾಣಸಂದ್ರ, ಜಯಚಾಮರಾಜಪುರದ ಕಡೆ ಕೊಮಟೈಟ್ ಎಂಬ ಲಾವಾ ಇದೆ. ಕರ್ನಾಟಕದ ಕೊಮಟೈಟ್‌ಗಳಿಗೆ 2008ರಲ್ಲಿ ಸಿಕ್ಕ ಕಾಲ ಸುಮಾರು 335 ಕೋಟಿ ವರ್ಷ, ಹತ್ತು ಕೋಟಿ ಆಚೀಚೆ. ಕೊಮಟೈಟ್‌ನಲ್ಲಿ ಮೆಗ್ನೀಷಿಯಂ ಆಕ್ಸೈಡ್ ಶೇ. 18ಕ್ಕಿಂತ ಹೆಚ್ಚು. ಅಂಥ ದ್ರವ ಹರಿಯಬೇಕಾದರೆ ಸುಮಾರು 1,600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಇಂದಿನ ಬಸಾಲ್ಟ್ ಹೊರಬರುವುದು ಸುಮಾರು 1,200ರಲ್ಲಿ. ಅಂದರೆ ಆಗಿನ ಮ್ಯಾಂಟಲ್ ಇಂದಿಗಿಂತ ಬಿಸಿಯಾಗಿತ್ತು. 100ರಿಂದ 250 ಡಿಗ್ರಿಯಷ್ಟು ಎಂಬುದು ಸಾಮಾನ್ಯವಾಗಿ ಬಳಸುವ ಅಂದಾಜು.

ತೊಡಕು ಇಲ್ಲಿಯೇ ಇದೆ. ಪಿಯರ್ಸ್ ಮತ್ತು ಕ್ಯಾನ್ ನಕ್ಷೆಯ ಮನೆಗಳನ್ನು ಕಟ್ಟಿದ್ದು ಇಂದಿನ ಮ್ಯಾಂಟಲ್ ಕರಗಿ ಬಂದ ಲಾವಾಗಳಿಂದ. ಮ್ಯಾಂಟಲ್ ಇನ್ನೂರು ಡಿಗ್ರಿ ಬಿಸಿಯಾಗಿದ್ದರೆ ಕರಗುವ ಪ್ರಮಾಣ ಬೇರೆ, ಆಳ ಬೇರೆ, ಉಳಿಯುವ ಖನಿಜ ಬೇರೆ. ಭೂಕವಚದೊಳಗೆ ಹಾದುಬರುವಾಗ ಅಷ್ಟು ಬಿಸಿ ದ್ರವ ಸುತ್ತಲಿನ ಕಲ್ಲನ್ನು ಕರಗಿಸಿಕೊಳ್ಳುವುದೂ ಹೆಚ್ಚು. ಮೈಸೂರು ಅರಸರ ಕಾಲದ ಸೇರು, ಪಾವಿನ ಲೆಕ್ಕವನ್ನು ಇಂದಿನ ಕಿಲೋ ಬಟ್ಟಿನಿಂದ ನೇರವಾಗಿ ಓದಿದ ಹಾಗೆ, ಅಂಕಿ ಬರುತ್ತದೆ, ಆದರೆ ಅದು ಯಾವುದರ ಅಂಕಿ?

ಗದ್ವಾಲ ಪಟ್ಟಿಯ ಉದಾಹರಣೆ ನೋಡಿ. ರಾಯಚೂರಿನ ಗಡಿಯಾಚೆ ತೆಲಂಗಾಣದಲ್ಲಿರುವ ಈ ಪಟ್ಟಿ ಭೂವೈಜ್ಞಾನಿಕವಾಗಿ ಪೂರ್ವ ಧಾರವಾಡ ಕ್ರೇಟಾನಿನದೇ. 2005ರಲ್ಲಿ ಸಿ. ಮಾಣಿಕ್ಯಾಂಬ ಮತ್ತು ಸಹೋದ್ಯೋಗಿಗಳು ಅಲ್ಲಿ ಬೋನಿನೈಟ್ ಜಾತಿಯ ಲಾವಾವನ್ನು ವರದಿ ಮಾಡಿದರು. ಬೋನಿನೈಟ್ ಅಂದರೆ ಮೆಗ್ನೀಷಿಯಂ ಹೆಚ್ಚಿದ್ದೂ ಸಿಲಿಕಾ ಹೆಚ್ಚಿರುವ, ಟೈಟಾನಿಯಂ ತೀರಾ ಕಡಿಮೆಯಿರುವ ವಿಚಿತ್ರ ಶಿಲೆ. ಜಪಾನಿನ ಬೋನಿನ್ ದ್ವೀಪಗಳಿಂದ ಹೆಸರು ಬಂದದ್ದು. ಇಂದು ಅದು ಸಿಗುವುದು ಸಬ್‌ಡಕ್ಷನ್ ಶುರುವಾಗುವ ಅಥವಾ ನಡೆಯುವ ಕಡೆಗಳಲ್ಲಿ, ಒಮ್ಮೆ ಕರಗಿ ಸಾರ ಕಳೆದುಕೊಂಡ ಮ್ಯಾಂಟಲ್ ನೀರಿನ ನೆರವಿನಿಂದ ಮತ್ತೆ ಕರಗಿದಾಗ. ಆದ್ದರಿಂದ ಆಗಲೇ ಸಬ್‌ಡಕ್ಷನ್ ಇತ್ತು ಎಂಬುದು ಅವರ ತೀರ್ಮಾನ. ಇದು ಗಂಭೀರ ವಾದ. ನನಗೆ ಇದರಲ್ಲಿ ಹುರುಳಿದೆ ಎನಿಸುತ್ತದೆ, ಏಕೆಂದರೆ ಇದು ಒಂದು ಅನುಪಾತದ ಮೇಲಲ್ಲ, ಹಲವು ಗುಣಗಳು ಕೂಡುವುದರ ಮೇಲೆ ನಿಂತಿದೆ. ಹಾಗಿದ್ದೂ ಎದುರು ಪ್ರಶ್ನೆ ಉಳಿಯುತ್ತದೆ: ಕೊಮಟೈಟ್ ದ್ರವ ಖಂಡದ ಶಿಲೆಯನ್ನು ಕರಗಿಸಿಕೊಂಡರೂ ಮೆಗ್ನೀಷಿಯಂ ಮತ್ತು ಸಿಲಿಕಾ ಎರಡೂ ಹೆಚ್ಚಿರುವ, ನಿಯೋಬಿಯಂ ಗುಂಡಿ ಇರುವ ಲಾವಾ ಹುಟ್ಟುತ್ತದೆ. ಬೇರೆ ಹಳೆಯ ಖಂಡಗಳಲ್ಲೂ ಇದೇ ಪ್ರಶ್ನೆ ಎದ್ದಿದೆ. ಆಸ್ಟ್ರೇಲಿಯಾದ ಯಿಲ್ಗಾರ್ನ್ ಕ್ರೇಟಾನಿನ ಆಂಡಸೈಟ್ ಎಂಬ ಹಳೆಯ ಲಾವಾ ಶಿಲೆಗಳ ಬಗ್ಗೆ 2014ರಲ್ಲಿ ಸ್ಟೀಫನ್ ಬಾರ್ನ್ಸ್ ಮತ್ತು ಮಾರ್ಟಿನ್ ವಾನ್ ಕ್ರಾನೆಂಡಾಂಕ್ ಕೇಳಿದ್ದು ಇದನ್ನೇ: ಇವು ದ್ವೀಪಮಾಲೆಯವೇ, ಅಥವಾ ಬಿಸಿ ಕಂಬದ ಲಾವಾ ಮತ್ತು ಭೂಕವಚ ಬೆರೆತದ್ದೇ?

ಗ್ರಾನೈಟ್‌ಗಳ ಕತೆ ಇನ್ನೂ ಕಷ್ಟದ್ದು. ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ ರಾಮನಗರದಲ್ಲಿ ಕಾಣುವ ಬೆಟ್ಟಗಳು ಕ್ಲೋಸ್‌ಪೇಟೆ ಗ್ರಾನೈಟ್‌ನವು. ಊರಿನ ಹಳೆಯ ಹೆಸರೇ ಶಿಲೆಗೆ ಉಳಿದುಕೊಂಡಿದೆ. ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಹಬ್ಬಿರುವ, ಸುಮಾರು 252 ಕೋಟಿ ವರ್ಷ ಹಳೆಯ ಶಿಲೆ. ಹೊಸದಾಗಿ ಒಡೆದ ಮುಖದಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳು ಕಾಣುತ್ತವೆ. ಅಲ್ಲಲ್ಲಿ ಕಪ್ಪು ಉಂಡೆಗಳು, ಒಂದು ಶಿಲಾರಸ ಇನ್ನೊಂದರಲ್ಲಿ ಪೂರ್ತಿ ಬೆರೆಯದೆ ಉಳಿದ ಗುರುತು. 2000ನೇ ಇಸವಿಯಲ್ಲಿ 'ಪ್ರಿಕೇಂಬ್ರಿಯನ್ ರಿಸರ್ಚ್' ನಿಯತಕಾಲಿಕದ ಒಂದೇ ಸಂಪುಟದಲ್ಲಿ ಈ ಪ್ರದೇಶದ ಬಗ್ಗೆ ಎರಡು ಓದುಗಳು ಬಂದವು. ಬ್ರಯಾನ್ ಚಾಡ್ವಿಕ್, ವಿ. ಎನ್. ವಾಸುದೇವ್, ಜಿ. ವಿ. ಹೆಗಡೆ ಅವರದ್ದು ಫಲಕಗಳು ಓರೆಯಾಗಿ ಒಂದರತ್ತ ಒಂದು ಸರಿದ ಕತೆ. ಪೂರ್ವ ಭಾಗವೆಲ್ಲ ಆ ಒತ್ತಾಟದಲ್ಲಿ ಹುಟ್ಟಿದ ಶಿಲಾರಸದ ಸಮೂಹ. ಎಂ. ಜಯಾನಂದ ಮತ್ತು ಫ್ರೆಂಚ್ ಸಹೋದ್ಯೋಗಿಗಳದ್ದು ಆಳದಿಂದೆದ್ದ ಬಿಸಿ ಕಂಬದ ಕತೆ. ಬೆಟ್ಟ ಒಂದೇ, ರಸಾಯನ ಬಲ್ಲವರೇ ಇಬ್ಬರೂ.

ಗ್ರಾನೈಟ್‌ಗೂ ರುಬಿಡಿಯಂ, ನಿಯೋಬಿಯಂ, ಇಟ್ರಿಯಂಗಳ ನಕ್ಷೆಯಿದೆ, 1984ರಲ್ಲಿ ಪಿಯರ್ಸ್ ಮತ್ತು ಇಬ್ಬರು ಜೊತೆಗಾರರು ಮಾಡಿದ್ದು. ಖಂಡಗಳು ಡಿಕ್ಕಿ ಹೊಡೆದ ನಂತರ ಹುಟ್ಟುವ ಗ್ರಾನೈಟ್‌ಗಳು ಇದರಲ್ಲಿ ಸರಿಯಾಗಿ ಕೂರುವುದಿಲ್ಲ ಎಂದು ಅವರೇ ಆಗ ಬರೆದಿದ್ದರು. ಗ್ರಾನೈಟ್ ಹುಟ್ಟುವುದು ಹಳೆಯ ಶಿಲೆ ಮತ್ತೆ ಕರಗಿ. ಕರಗಿದ ಶಿಲೆ ಯಾವತ್ತೋ ದ್ವೀಪಮಾಲೆಯಲ್ಲಿ ಹುಟ್ಟಿದ್ದಾದರೆ, ನೂರು ಕೋಟಿ ವರ್ಷಗಳ ನಂತರ ಬೇರೆ ಕಾರಣಕ್ಕೆ ಕರಗಿದಾಗಲೂ ಹೊಸ ಗ್ರಾನೈಟ್‌ನಲ್ಲಿ ಆ ಹಳೆಯ ಗುರುತೇ ಬರುತ್ತದೆ. ತಾತನ ಮೂಗು ಮೊಮ್ಮಗನಿಗೆ ಬಂದ ಹಾಗೆ.

ಲಾಲ್‌ಬಾಗಿನ ಬಂಡೆಯೂ ಇದೇ ಪ್ರಶ್ನೆಯ ಮೇಲೆ ಕೂತಿದೆ. ಕೆಂಪೇಗೌಡ ಗೋಪುರದ ಅಡಿಯ ಆ ಶಿಲೆ ಪೆನಿನ್ಸುಲರ್ ನೈಸ್, ಬಿಸಿ ಒತ್ತಡಗಳಿಗೆ ಪಟ್ಟೆಪಟ್ಟೆಯಾಗಿ ಬದಲಾದ ಹಳೆಯ ಶಿಲೆ. ಈ ಗುಂಪಿನ ಹಳೆಯ ಭಾಗಗಳಲ್ಲಿ ಸ್ಟ್ರಾನ್ಷಿಯಂ ಹೆಚ್ಚು, ಇಟ್ರಿಯಂ ಕಡಿಮೆ ಇರುವ ಶಿಲೆಗಳು ಸಾಕಷ್ಟಿವೆ. ಇಟ್ರಿಯಂ ಕಡಿಮೆಯಾದದ್ದು ಗಾರ್ನೆಟ್ ಎಂಬ ಖನಿಜ ಅದನ್ನು ಹಿಡಿದಿಟ್ಟುಕೊಂಡದ್ದರಿಂದ. ಸ್ಟ್ರಾನ್ಷಿಯಂ ಹೆಚ್ಚಾದದ್ದು ಅದನ್ನು ಹಿಡಿದಿಡುವ ಪ್ಲಾಜಿಯೋಕ್ಲೇಸ್ ಎಂಬ ಖನಿಜ ಕರಗಿಹೋದದ್ದರಿಂದ. ಇವೆರಡೂ ಒಟ್ಟಿಗೆ ಆಗುವುದು ಬಸಾಲ್ಟ್ ಜಾತಿಯ ಶಿಲೆ ಬಹಳ ಆಳದಲ್ಲಿ ಕರಗಿದಾಗ. ರಸಾಯನ ಇಲ್ಲಿ ಆಳವನ್ನು ಖಚಿತವಾಗಿ ಹೇಳುತ್ತಿದೆ. ಆ ಆಳಕ್ಕೆ ಬಸಾಲ್ಟ್ ಹೋದದ್ದು ಜಾರುವ ಫಲಕದ ಬೆನ್ನೇರಿಯೋ, ದಪ್ಪಗಾದ ಭೂಕವಚದ ಬುಡವಾಗಿಯೋ ಎಂಬುದನ್ನು ಅದು ಹೇಳುತ್ತಿಲ್ಲ.

ಯಂತ್ರಕ್ಕೆ ಕಲಿಸಿದರೆ?

ಈಗ ಎರಡು ಧಾತು, ಮೂರು ಧಾತುಗಳ ನಕ್ಷೆ ಬಿಟ್ಟು ಮೂವತ್ತು, ನಲವತ್ತು ಧಾತುಗಳನ್ನು ಒಟ್ಟಿಗೆ ಯಂತ್ರಕಲಿಕೆಗೆ ಉಣಿಸುವ ಕಾಲ. ಜರ್ಮನಿಯ ಜಿಯೋರಾಕ್, ಅಮೆರಿಕದ ಪೆಟ್‌ಡಿಬಿ ಎಂಬ ಮುಕ್ತ ದತ್ತಾಂಶ ಸಂಗ್ರಹಗಳಲ್ಲಿ ಜಗತ್ತಿನ ಲಾವಾಗಳ ವಿಶ್ಲೇಷಣೆ ಸಿಗುತ್ತದೆ. 2006ರಲ್ಲಿ ಪೀಟರ್ ವರ್ಮೇಶ್ ನಿರ್ಧಾರ ವೃಕ್ಷಗಳನ್ನು, 2016ರಲ್ಲಿ ಇಟಲಿಯ ಮೌರಿಜಿಯೋ ಪೆತ್ರೆಲ್ಲಿ ಮತ್ತು ದಿಯೇಗೋ ಪೆರುಜಿನಿ ಇನ್ನೂ ಮುಂದುವರಿದ ವಿಧಾನವನ್ನು ಬಳಸಿ ತೋರಿಸಿದರು. ಹೊಸ ಕಾಲದ ಲಾವಾಗಳಲ್ಲಿ ಇವು ಹಳೆಯ ತ್ರಿಕೋನಗಳಿಗಿಂತ ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತವೆ. ಕೈಯಿಂದ ಎಳೆದ ಗೆರೆಗಿಂತ ಎಷ್ಟೋ ಪ್ರಾಮಾಣಿಕವಾದ ವಿಧಾನ, ತನ್ನ ಅನುಮಾನವನ್ನೂ ಅಂಕಿಯಲ್ಲಿ ಹೇಳುತ್ತದೆ.

ಆದರೆ ಯಂತ್ರ ಕಲಿತದ್ದು ಇಂದಿನ ಭೂಮಿಯನ್ನು. ಅದಕ್ಕೆ ಗೊತ್ತಿರುವುದು ನಾವು ಹೆಸರಿಟ್ಟ ಏಳೆಂಟು ನೆಲೆಗಳು. 300 ಕೋಟಿ ವರ್ಷದ ಕಲ್ಲು ಕೊಟ್ಟರೂ ಅದು ಆ ಏಳೆಂಟರಲ್ಲೇ ಒಂದನ್ನು ಆರಿಸಿ ಕೊಡುತ್ತದೆ. ಇಂದು ಎಲ್ಲೂ ನಡೆಯದ ಪ್ರಕ್ರಿಯೆಯೊಂದು ಆಗ ನಡೆದಿದ್ದರೆ, ಉದಾಹರಣೆಗೆ ಭೂಕವಚದ ಭಾರವಾದ ಬುಡ ತುಂಡು ತುಂಡಾಗಿ ಮ್ಯಾಂಟಲ್‌ಗೆ ತೊಟ್ಟಿಕ್ಕುತ್ತಿದ್ದರೆ, ಅದಕ್ಕೆ ಯಂತ್ರದ ಬಳಿ ಮನೆಯೇ ಇಲ್ಲ. ಹಳೆಯ ಶಿಲೆಗಳಿಗೆ ಇದನ್ನು ಬಳಸುವವರು 'ಇವಾವುದೂ ಅಲ್ಲ' ಎಂಬ ಉತ್ತರಕ್ಕೂ ಜಾಗವಿಟ್ಟು ಯಂತ್ರಕ್ಕೆ ಕಲಿಸಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಇದು ಬರೀ ಪಂಡಿತರ ಜಗಳ ಎಂದುಕೊಳ್ಳುವಂತಿಲ್ಲ. ಹಟ್ಟಿಯ ಚಿನ್ನ, ಚಿತ್ರದುರ್ಗದ ಬಳಿ ಇಂಗಳದಾಳಿನ ತಾಮ್ರ, ನುಗ್ಗೇಹಳ್ಳಿಯ ಕ್ರೋಮೈಟ್ ಎಲ್ಲವೂ ಈ ಹಳೆಯ ಲಾವಾ ಪಟ್ಟಿಗಳಲ್ಲೇ ಇವೆ. ಮುಂದೆ ಎಲ್ಲಿ ಬೋರ್ ಕೊರೆಯಬೇಕು ಎಂಬ ಯೋಜನೆ ಪಟ್ಟಿ ಹುಟ್ಟಿದ ಕತೆಯ ಮೇಲೆ ನಿಂತಿರುತ್ತದೆ. ಕತೆ ತಪ್ಪಿದರೆ ಕೊರೆದ ಹಣವೂ ನೀರುಪಾಲು.

ಹಾಗಾದರೆ ಯಾವ ಸಾಕ್ಷಿ ಬೇಕು? ಚಿಕ್ಕಮಗಳೂರಿನ ಹತ್ತಿರ ಕರ್ತಿಕೆರೆಯಲ್ಲಿ ಅದು ಬಯಲಲ್ಲೇ ಇದೆ. ಬಾಬಾಬುಡನ್ ಗಿರಿಯ ಲಾವಾಗಳ ಬುಡದಲ್ಲಿ ಬೆಣಚುಕಲ್ಲಿನ ಉರುಟು ಹರಳುಗಳು ಗಟ್ಟಿಗೊಂಡ ಒಂದು ಪದರವಿದೆ. ಹೊಳೆಯ ನೀರಲ್ಲಿ ಉರುಳಿ ನುಣುಪಾದ ಹರಳುಗಳು. ಆ ಪದರ ನಿಂತಿರುವುದು ಅದಕ್ಕೂ ಹಳೆಯ ನೈಸ್ ಮೇಲೆ. ಅಂದರೆ ಈ ಲಾವಾ ಹರಿಯುವ ಮೊದಲೇ ಅಲ್ಲಿ ಖಂಡವಿತ್ತು, ಅದು ಸವೆದಿತ್ತು, ಅದರ ಮೇಲೆ ಹೊಳೆ ಹರಿದಿತ್ತು. ಮೇಲಿನ ಲಾವಾದಲ್ಲಿ ಗಾಳಿಗುಳ್ಳೆಗಳು ಬಿಟ್ಟುಹೋದ ಗುಳಿಗಳಿವೆ. ನಡುವಿನ ಮರಳುಗಲ್ಲಿನಲ್ಲಿ ತೆಳುನೀರಿನ ಅಲೆಗಳ ಗುರುತಿದೆ. ಇಂಥ ಲಾವಾದಲ್ಲಿ ನಿಯೋಬಿಯಂ ಗುಂಡಿ ಕಂಡರೆ ನಾನು ಮೊದಲು ಕೇಳುವುದು ಅಡಿಯಲ್ಲಿರುವ ಆ ನೈಸ್ ಎಷ್ಟು ಕರಗಿ ಸೇರಿತು ಎಂದು. ಅದನ್ನು ನಿಯೋಡೈಮಿಯಂ ಐಸೊಟೋಪುಗಳಿಂದ ಅಳೆಯಬಹುದು. ಹರಿವಿನಿಂದ ಹರಿವಿಗೆ ಸಿಲಿಕಾ ಹೆಚ್ಚಿದಂತೆ ಗುಂಡಿಯೂ ಆಳವಾಗುತ್ತದೆಯೇ ಎಂದು ನೋಡಬಹುದು. ಆಳವಾಗುತ್ತಾ ಹೋದರೆ ಅದು ಕಲಬೆರಕೆಯ ಕಡೆ ಬೆರಳು ತೋರುತ್ತದೆ. ಸಿಲಿಕಾ ಕಡಿಮೆಯಿರುವ, ಮೆಗ್ನೀಷಿಯಂ ಹೆಚ್ಚಿರುವ ಹರಿವಿನಲ್ಲೂ ಗುಂಡಿ ಅಷ್ಟೇ ಇದ್ದರೆ, ಮ್ಯಾಂಟಲ್‌ನಲ್ಲೇ ಏನೋ ನಡೆದಿತ್ತು ಎಂಬ ಮಾತಿಗೆ ಬಲ ಬರುತ್ತದೆ.

ಮರಡಿಹಳ್ಳಿಯ ದಿಂಬುಗಳಿಗೂ ಇದೇ ಪ್ರಶ್ನೆಯನ್ನು, ಇದೇ ಕ್ರಮದಲ್ಲಿ ಕೇಳಬೇಕು. ಮಾದರಿ ತೆಗೆಯುವುದಾದರೆ ದಿಂಬಿನ ಅಂಚಿನಿಂದಲ್ಲ, ನೀರು ತಾಕಿ ಬದಲಾಗಿರುವುದು ಅಂಚೇ ಹೆಚ್ಚು, ನಡುವಿನಿಂದ. ಅದೂ ಸ್ಮಾರಕದ ಕಲ್ಲಿಗೆ ಸುತ್ತಿಗೆ ತಾಕಿಸದೆ, ಅದೇ ಪದರ ಮುಂದುವರಿಯುವ ಬೇರೆ ಕಡೆ.